ಎರಡೇ ಪಿಎಂಟಿಯಲ್ಲಿ ಅಯಾನುಗಳ ಬಿಸಿ ಹಿಡಿದಿದ್ದು

"ಲೆನ್ಸಿಗೇ ಬೂಷ್ಟು ಹಿಡಿಯುವ ಊರಲ್ಲಿ ಡಾಪ್ಲರ್ ಅಗಲ ಅಳೆಯೋದಾ ಸರ್?" ಅಂತ ನಕ್ಕವರು ನಮ್ಮ ಡಿಪಾರ್ಟ್‌ಮೆಂಟಿನವರೇ. ಜುಲೈಯಲ್ಲಿ ಮಡಿಕೇರಿ ನೋಡಿದವರು ನಗದೆ ಇನ್ನೇನು ಮಾಡುತ್ತಾರೆ.

ಪ್ಲಾಸ್ಮಾದ, ಅಂದರೆ ಅಯಾನುಗಳಾಗಿ ಒಡೆದ ಅನಿಲದ, ಎರಡು ಉಂಗುರ ಡಿಕ್ಕಿ ಹೊಡೆದು, ಕಾಂತಕ್ಷೇತ್ರದ ಗೆರೆಗಳು (ಫೀಲ್ಡ್ ಲೈನು) ಕಡಿದು ಮತ್ತೆ ಕೂಡುವಾಗ ಅಯಾನು ಎಷ್ಟು ಬಿಸಿಯಾಗುತ್ತದೆ ಅನ್ನೋದು ನನಗೆ ಬೇಕಿತ್ತು. ಬಿಸಿಯಾದಷ್ಟೂ ಅಯಾನು ಜೋರಾಗಿ ಓಡಾಡಿ ಅದರ ಬೆಳಕಿನ ಗೆರೆ ಅಗಲವಾಗುತ್ತದೆ. ಅದೇ ಡಾಪ್ಲರ್ ಅಗಲ, ಅಳೆದರೆ ಬಿಸಿ ಗೊತ್ತಾಗುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ತೆರೆದು ಮುಚ್ಚುವ ಗೇಟೆಡ್ ಕ್ಯಾಮೆರಾದ ಕೊಟೇಶನ್ ನೋಡಿ ಪ್ರಿನ್ಸಿಪಾಲರು ಮಾತೇ ಆಡಲಿಲ್ಲ. ಹಳೆಯ ಪಿಎಂಟಿ (ಮಂದ ಬೆಳಕನ್ನೂ ವಿದ್ಯುತ್ ಸಂಕೇತ ಮಾಡಿ ಹಿಗ್ಗಿಸುವ ಫೋಟೋಮಲ್ಟಿಪ್ಲಯರ್ ಟ್ಯೂಬು) ಎರಡು ತಂದೆ, ಸುಮಾರು 35 ಸಾವಿರ, ಅರ್ಧ ನನ್ನ ಜೇಬಿನದ್ದು.

ಮೊದಲು ಪ್ರಿನ್ಸ್‌ಟನ್ನಿನ ಎಂಆರ್‌ಎಕ್ಸ್‌ನವರ, ಅಂದರೆ ಇದೇ ಥರ ಗೆರೆ ಕಡಿದು ಕೂಡುವುದನ್ನು ಲ್ಯಾಬಿನಲ್ಲಿ ನೋಡಿದವರ, ಹಾಗೆ ಪ್ರೋಬನ್ನೇ ಪ್ಲಾಸ್ಮಾದೊಳಗೆ ಇಳಿಸಿ ಬೆಳಕು ಹಿಡಿಯಲು ಹೋದೆ. ನಲವತ್ತು ಶಾಟಿಗೆ (ಒಂದು ಸಲ ಪ್ಲಾಸ್ಮಾ ಹೊತ್ತಿಸಿದರೆ ಒಂದು ಶಾಟ್) ಪ್ರೋಬಿನ ಕಿಟಕಿ ಗಾಜಿನ ಮೇಲೆ ಕರಿ ಪದರ. ಬಿಚ್ಚಿ ಒರೆಸಿದೆ, ಮತ್ತೆ ಅದೇ ಕತೆ. ಮೂರು ತಿಂಗಳು ಹೋಯಿತು. ಆಮೇಲೆ ಹೊರಗಿನಿಂದಲೇ ನೋಡಿದೆ. ದಾರಿಯುದ್ದದ ಸರಾಸರಿ ಸಿಗುತ್ತದೆ, ಸಿಗಲಿ.

ಒಂದು ಪಿಎಂಟಿ ಹೀಲಿಯಂ ಅಯಾನಿನ 468.6 ನ್ಯಾನೋಮೀಟರ್ ಗೆರೆಯ ಮೇಲೆ ಹೆಜ್ಜೆ ಹೆಜ್ಜೆ ಸರಿಯುತ್ತದೆ. ಇನ್ನೊಂದು ಸುಮ್ನೆ ಒಟ್ಟು ಬೆಳಕು ನೋಡುತ್ತಾ ಕೂರುತ್ತದೆ. ಭಾಗಿಸಿದರೆ ಶಾಟಿನಿಂದ ಶಾಟಿಗೆ ಬರುವ ಏರಿಳಿತ ಮುಕ್ಕಾಲು ಪಾಲು ಹೋಗುತ್ತದೆ. "ಎರಡು ಶಾಟ್ ಒಂದೇ ಥರ ಬರಲ್ಲ ಮಾರಾಯ" ಅಂದಿದ್ದ ಗೆಳೆಯನಿಗೆ ಗ್ರಾಫ್ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಹೆಜ್ಜೆಗೆ ಐದು ಶಾಟ್, ಹನ್ನೆರಡು ಹೆಜ್ಜೆ. ನಡುವೆ ಮರ ಬಿದ್ದು ಕರೆಂಟ್ ಹೋದರೆ ಮೊದಲಿನಿಂದ. ಯಾವ ಶಾಟನ್ನು ಬಿಸಾಡಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಮೊದಲ ಸಲ 26 ಇವಿ (ಎಲೆಕ್ಟ್ರಾನ್ ವೋಲ್ಟ್, ಪ್ಲಾಸ್ಮಾದ ಬಿಸಿ ಹೇಳುವ ಅಳತೆ) ಬಂತು. ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿಬಿಟ್ಟೆ. ರಾತ್ರಿ ಹೊಳೆಯಿತು, ಉಪಕರಣದ ಸ್ವಂತ ಅಗಲ ಕಳೆದಿಲ್ಲ. ಕ್ಯಾಡ್ಮಿಯಂ ದೀಪದ 467.8ರ ಗೆರೆ ಪಕ್ಕದಲ್ಲೇ ಇದೆ, ಅಳೆದರೆ 0.04 ನ್ಯಾನೋಮೀಟರ್. ಅದರ ಮೇಲೆ ಹೀಲಿಯಂ ಗೆರೆ ಒಂದೇ ಅಲ್ವಲ್ಲ, ಒತ್ತಿಕೊಂಡಿರುವ ಹಲವು ಗೆರೆ. ಎರಡನ್ನೂ ತೆಗೆದ ಮೇಲೆ 17ರ ಹತ್ತಿರ ನಿಂತಿತು. ಡಿಕ್ಕಿಗೆ ಮುಂಚೆ ಆರೋ ಏಳೋ. ಕಾಫಿ ದುಡ್ಡು ವಾಪಸ್ ಕೇಳಲಿಲ್ಲ.

ಆರ್ಗಾನ್ ಹಾಕಿಯೂ ನೋಡಿದೆ. ತೂಕ ಜಾಸ್ತಿ, ಇಷ್ಟೇ ಬಿಸಿಗೆ ಅದರ ಗೆರೆ 0.025 ನ್ಯಾನೋಮೀಟರಿನಷ್ಟೇ ಅಗಲವಾಗುತ್ತದೆ, ನಮ್ಮ ಉಪಕರಣದ ಅಗಲಕ್ಕಿಂತ ಕಡಿಮೆ. ಕೈಬಿಟ್ಟೆ.

ಬೂಷ್ಟಿಗೆ ಮದ್ದು, ಮರದ ಪೆಟ್ಟಿಗೆಯಲ್ಲಿ 40 ವ್ಯಾಟಿನ ಬಲ್ಬು. ಈಗ ಲೆನ್ಸಿನ ಪಕ್ಕ ಅಟೆಂಡರು ತಮ್ಮ ಕರಿಮೆಣಸಿನ ಡಬ್ಬಿಯನ್ನೂ ಇಟ್ಟಿದ್ದಾರೆ.