ತೋಟದ ದಾರಿಗಾಗಿ ಪಿಕಪ್ ಎತ್ತರಿಸಿದೆ

ಪಿಕಪ್ ಎತ್ತರಿಸಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು, ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ಮಲಗಿ ನೋಡಿ ಎಂದು. ಸಕಲೇಶಪುರದ ಕಡೆ ನಮ್ಮ ಕಾಫಿ ತೋಟಕ್ಕೆ ಹೋಗುವ ಮಣ್ಣುದಾರಿಯನ್ನು ಟ್ರ್ಯಾಕ್ಟರುಗಳು ಎರಡೂ ಬದಿ ಕೊರೆದು ನಡುವೆ ದಿಬ್ಬ ಉಳಿಸಿವೆ. ಮಳೆಗಾಲ ಕಳೆಯುವಷ್ಟರಲ್ಲಿ ಕೊರಕಲು ಇನ್ನಷ್ಟು ಆಳವಾಗಿರುತ್ತದೆ. ನನ್ನ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ನ ಅಡಿಯಲ್ಲಿ ಎಲ್ಲೆಲ್ಲಿ ಉಜ್ಜಿದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿದೆ. ಎಂಜಿನ್ ಕೆಳಗಿನ ತಗಡಿಗೆ ಉದ್ದನೆಯ ಗೀರು ಬಿದ್ದಿತ್ತು. ಹಿಂದಿನ ಹೌಸಿಂಗಿನ (ಹಿಂಚಕ್ರಗಳ ಆಕ್ಸಲನ್ನು ಮುಚ್ಚಿರುವ ಕಬ್ಬಿಣದ ಕವಚ) ಉಬ್ಬಿದ ಭಾಗದಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಗೊಬ್ಬರ ತುಂಬಿದಾಗ ಹಿಂಭಾಗ ಕುಸಿದು ಬಂಪರಿನ ಅಂಚೂ ನೆಲ ಮುಟ್ಟಿತ್ತು.

ಈ ಮೂರಕ್ಕೂ ಮದ್ದು ಒಂದೇ ಅಲ್ಲ. ವಿ-ಕ್ರಾಸ್‌ನ ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಆಡುತ್ತವೆ. ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆಯಾದ ಮುಂದಿನ ಡಿಫರೆನ್ಷಿಯಲ್, ಗಾಡಿಯ ಚೌಕಟ್ಟಾದ ಚಾಸಿಗೆ ಕಟ್ಟಿಕೊಂಡಿರುವುದರಿಂದ ಚಾಸಿ ಎದ್ದರೆ ಅದೂ ಏಳುತ್ತದೆ. ಹಿಂದಿನದು ಹಾಗಲ್ಲ. ಅಲ್ಲಿ ಹೌಸಿಂಗ್ ಎರಡು ಚಕ್ರಗಳ ನಡುವೆ ಕೂತಿದೆ, ಉಕ್ಕಿನ ಪಟ್ಟಿಗಳ ಕಟ್ಟಾದ ಲೀಫ್ ಸ್ಪ್ರಿಂಗ್ ಅದರ ಮೇಲಿದೆ. ಎಷ್ಟು ದುಬಾರಿ ಸ್ಪ್ರಿಂಗ್ ಹಾಕಿದರೂ ಹೌಸಿಂಗ್ ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರ್ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು. ನನ್ನ 255/65 ಆರ್17 ಟೈರಿನ ವ್ಯಾಸ ಸುಮಾರು 763 ಮಿಲಿಮೀಟರ್, 265/70 ಆರ್17ರದ್ದು ಸುಮಾರು 803. ನಲವತ್ತು ಹೆಚ್ಚಿದರೆ ಹೌಸಿಂಗಿಗೆ ಸಿಗುವುದು ಇಪ್ಪತ್ತು. ಅದಕ್ಕೆ ಪ್ರತಿಯಾಗಿ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ, ಏರಿನಲ್ಲಿ ಎಳೆತ ತಗ್ಗುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೆ ತಾಗುವ ಸಂಭವವೂ ಇದೆ. ಹೊರೆ ಹೊತ್ತು ಏರು ಹತ್ತುವ ಗಾಡಿಗೆ ಈ ವ್ಯಾಪಾರ ನನಗೆ ಗಿಟ್ಟುವಂತೆ ಕಾಣಲಿಲ್ಲ. ಟೈರ್ ಅಳತೆ ಹಾಗೆಯೇ ಉಳಿಸಿಕೊಂಡೆ.

ಮುಂಭಾಗಕ್ಕೆ ಅಗ್ಗದ ದಾರಿ ಸ್ಪೇಸರ್. ಶಾಕ್ ಅಬ್ಸಾರ್ಬರಿನ ತಲೆಯ ಮೇಲೆ 25 ಮಿಲಿಮೀಟರ್ ಬಿಲ್ಲೆ ಕೂರಿಸಿದರೆ ಚಕ್ರದ ಬಳಿ ಹೆಚ್ಚುಕಡಿಮೆ ಅದರ ಇಮ್ಮಡಿ ಎತ್ತರ ಸಿಗುತ್ತದೆ, ಏಕೆಂದರೆ ಶಾಕ್ ಕೂತಿರುವುದು ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮಿನ ನಡುಭಾಗದಲ್ಲಿ. ಸ್ಪ್ರಿಂಗ್ ಹಳೆಯದೇ ಆದ್ದರಿಂದ ಸವಾರಿಯ ಗುಣ ಅಷ್ಟಾಗಿ ಬದಲಾಗದು. ಆದರೆ ಚಕ್ರ ಹಳ್ಳಕ್ಕೆ ಇಳಿದಾಗ ಆರ್ಮ್ ಕಂಪನಿ ಎಣಿಸಿದ್ದಕ್ಕಿಂತ ಕೆಳಗೆ ಜೋತುಬೀಳುತ್ತದೆ. ಆರ್ಮನ್ನು ಚಕ್ರದ ಕಡೆಗೆ ಕೂಡಿಸುವ ಮೇಲಿನ ಬಾಲ್ ಜಾಯಿಂಟ್ ಮತ್ತು ಬಾಗಿದ ಕೋನದಲ್ಲೂ ಚಕ್ರವನ್ನು ತಿರುಗಿಸುವ ಆಕ್ಸಲಿನ ಸಿವಿ ಜಾಯಿಂಟ್ ಎರಡೂ ತಮ್ಮ ಮಿತಿಯ ತುದಿಗೆ ಹೋಗುತ್ತವೆ. ಹಳ್ಳವೇ ಹೆಚ್ಚಿರುವ ದಾರಿಯಲ್ಲಿ ಇದು ನನಗೆ ಬೇಡವಾಯಿತು. ಸ್ವಲ್ಪ ಉದ್ದದ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಇರುವ ಜೋಡಿಯನ್ನೇ ತರಿಸಿದೆ. ಎತ್ತರವನ್ನು 40 ಮಿಲಿಮೀಟರಿಗೆ ನಿಲ್ಲಿಸಿದೆ. 50 ದಾಟಿದರೆ ಮೇಲಿನ ಆರ್ಮ್ ಬದಲಿಸುವ, ಡಿಫರೆನ್ಷಿಯಲ್ಲನ್ನು ಕೆಳಗಿಳಿಸುವ ಮಾತು ಶುರುವಾಗುತ್ತದೆ. ಇಂಚಿಂಚಿಗೂ ಖರ್ಚು ಬೆಳೆಯುವುದು ಅಲ್ಲಿಂದಲೇ.

ಹಿಂಭಾಗದ ಬಗ್ಗೆ ಮೆಕ್ಯಾನಿಕ್ ಜೊತೆ ದೊಡ್ಡ ಚರ್ಚೆಯೇ ಆಯಿತು. "ಬ್ಲಾಕ್ ಹಾಕಿಬಿಡೋಣ ಗೌಡರೇ, ಅರ್ಧ ದಿನದ ಕೆಲಸ" ಎಂದರು ಅವರು. ಹೌಸಿಂಗ್ ಮತ್ತು ಸ್ಪ್ರಿಂಗಿನ ನಡುವೆ ಕಬ್ಬಿಣದ ತುಂಡು ಇಟ್ಟು ಉದ್ದನೆಯ ಯು ಬೋಲ್ಟ್ ಬಿಗಿದರೆ ಎತ್ತರವೇನೋ ಸಿಗುತ್ತದೆ. ಆದರೆ ಹೊರೆ ಹೊತ್ತು ಕಡಿದಾದ ಏರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಹೌಸಿಂಗ್ ತಿರುಚಿಕೊಳ್ಳಲು ನೋಡುತ್ತದೆ. ಬ್ಲಾಕ್ ಆ ತಿರುಚಿಗೆ ಸನ್ನೆಕೋಲಾಗುತ್ತದೆ, ಸ್ಪ್ರಿಂಗ್ ಎಸ್ ಆಕಾರಕ್ಕೆ ಬಾಗಿ ಚಕ್ರ ಕುಪ್ಪಳಿಸುತ್ತದೆ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿಯನ್ನು, ಅಂದರೆ ಶ್ಯಾಕಲನ್ನು, ಉದ್ದದ್ದು ಹಾಕುವುದು ಇನ್ನೊಂದು ದಾರಿ: 50 ಮಿಲಿಮೀಟರ್ ಉದ್ದ ಹೆಚ್ಚಿಸಿದರೆ ಸುಮಾರು 25ರಷ್ಟು ಎತ್ತರ, ಜೊತೆಗೆ ಹಿಂಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಕೆಡುತ್ತದೆ. ಇವೆರಡರಿಂದಲೂ ಹೊರೆಗೆ ಕುಸಿಯುವ ನನ್ನ ಮೂಲ ತೊಂದರೆ ತೀರುವುದಿಲ್ಲ. ಇರುವ ಕಟ್ಟಿಗೆ ಒಂದು ಪ್ಲೇಟು ಸೇರಿಸಿದರೆ ಕುಸಿತ ನಿಲ್ಲುತ್ತದೆ, ಆದರೆ ಖಾಲಿ ಗಾಡಿ ಒದೆಯುತ್ತದೆ. ಕೊನೆಗೆ ಇಡೀ ಲೀಫ್ ಕಟ್ಟನ್ನೇ ಹೊಸದಾಗಿ ಹಾಕಿಸಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕಟ್ಟುಗಳನ್ನು ಗಾಡಿ ಸದಾ ಹೊರುವ ತೂಕದ ಮೇಲೆ ಆರಿಸಬೇಕು, ವರ್ಷಕ್ಕೊಮ್ಮೆ ಹೊರುವ ತೂಕದ ಮೇಲಲ್ಲ. ನನ್ನ ಗಾಡಿಯಲ್ಲಿ ಕೆಲವೊಮ್ಮೆ 45 ಕಿಲೋದ ಯೂರಿಯಾ ಚೀಲಗಳಿರುತ್ತವೆ, ಉಳಿದ ದಿನ ಮನೆಯವರು ಮತ್ತು ತರಕಾರಿ ಬುಟ್ಟಿ. ಭಾರೀ ತೂಕದ್ದನ್ನು ಬಿಟ್ಟು ನಡುವಿನದನ್ನು ತೆಗೆದುಕೊಂಡೆ.

ಚಾಸಿ ಮತ್ತು ಬಾಡಿಯ ನಡುವೆ ಬಿಲ್ಲೆ ಇಟ್ಟು ಬಾಡಿ ಎತ್ತುವ ವಿಧಾನವೂ ಇದೆ. ಅಡಿಭಾಗ ಇದ್ದಲ್ಲೇ ಇರುವುದರಿಂದ ನನಗೆ ಅದರ ಉಪಯೋಗವಿರಲಿಲ್ಲ.

ಜೋಡಿಸುವ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಮೊದಲಿನ ಅಳತೆ ಬರೆದುಕೊಂಡೆ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಹಳೆಯ ಯು ಬೋಲ್ಟ್‌ಗಳನ್ನು ಮತ್ತೆ ಬಳಸಲು ಬಿಡಲಿಲ್ಲ. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟ್ ಎರಡನೆಯ ಸಲ ಅದೇ ಹಿಡಿತ ಕೊಡುವುದಿಲ್ಲ. ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಗಾಡಿ ಜ್ಯಾಕಿನ ಮೇಲಿರುವಾಗ ಕೈಬಿಗಿಯಷ್ಟೇ ಮಾಡಿ, ಚಕ್ರ ನೆಲಕ್ಕೆ ಕೂತು ಭಾರ ಬಿದ್ದ ಮೇಲೆ ಪೂರ್ತಿ ಬಿಗಿಸಿದೆವು. ತೂಗಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹಿಂದಿನ ಬ್ರೇಕ್ ಹೋಸು ಚಕ್ರ ಪೂರ್ತಿ ಇಳಿಬಿದ್ದಾಗಲೂ ಎಳೆದುಕೊಳ್ಳುತ್ತಿಲ್ಲವೇ ಎಂದು ಕೈಯಿಂದ ಮುಟ್ಟಿ ನೋಡಿದೆ.

ವೀಲ್ ಅಲೈನ್‌ಮೆಂಟ್ ಆಗುವವರೆಗೆ ಗಾಡಿಯನ್ನು ಹೆದ್ದಾರಿಗೆ ಇಳಿಸಲಿಲ್ಲ. ಎತ್ತರಿಸಿದಾಗ ಕ್ಯಾಸ್ಟರ್, ಅಂದರೆ ಮುಂಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗಿ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ತಗ್ಗುತ್ತದೆ. ಹೆಡ್‌ಲೈಟನ್ನೂ ಕೆಳಕ್ಕೆ ಹೊಂದಿಸಬೇಕು, ಇಲ್ಲದಿದ್ದರೆ ಎದುರಿನವರ ಕಣ್ಣಿಗೇ ಬೆಳಕು. ಶಿರಾಡಿ ಘಾಟಿಯ ತಿರುವುಗಳಲ್ಲಿ ಈಗ ಗಾಡಿ ಸ್ವಲ್ಪ ಹೆಚ್ಚು ವಾಲುತ್ತದೆ. ಹೊಸ ಶಾಕ್ ಅದನ್ನು ಹಿಡಿದಿಟ್ಟರೂ ವೇಗವನ್ನು ನಾನೇ ಇಳಿಸಿದ್ದೇನೆ. ಅಮ್ಮನಿಗೆ ಹತ್ತಲು ಕಷ್ಟವಾಗುವುದರಿಂದ ಪಕ್ಕದ ಮೆಟ್ಟಿಲನ್ನು ತೆಗೆಸಿಲ್ಲ.

ಕಾನೂನಿನ ಮಾತನ್ನು ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಮೂಲ ಸ್ಪ್ರಿಂಗ್, ಶಾಕ್‌ಗಳನ್ನು ನಾನು ಗುಜರಿಗೆ ಹಾಕದೆ ಎಣ್ಣೆ ಸವರಿ ಶೆಡ್ಡಿನಲ್ಲಿ ಇಟ್ಟಿದ್ದೇನೆ.

ಮುಂಭಾಗದ ತಗಡು ಈಗ ದಿಬ್ಬಕ್ಕೆ ತಾಗುತ್ತಿಲ್ಲ, ಗೊಬ್ಬರ ತುಂಬಿದರೂ ಬಂಪರ್ ನೆಲದಿಂದ ದೂರವಿದೆ. ಹೌಸಿಂಗಿನ ಸಲುವಾಗಿ ದಾರಿಯ ನಡುವಿನ ದಿಬ್ಬವನ್ನೇ ಆಳುಗಳಿಂದ ಗುದ್ದಲಿಯಲ್ಲಿ ಕೆತ್ತಿಸಿದೆ.