ಹಳೆಯ ಗೇಮ್ ಕನ್ಸೋಲಿಗೆ ಮನೆಯಲ್ಲೇ ಫೋನ್ ಲೈನ್: ವೋಲ್ಟೇಜ್ ಮತ್ತು ಧ್ರುವ ನೋಡಿಕೊಳ್ಳುವ ಬಗೆ

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಗೆ ಫೈಬರ್ ಬಂದ ಮೇಲೆ ತಾಮ್ರದ ಟೆಲಿಫೋನ್ ತಂತಿ ಗೋಡೆಯ ರೋಸೆಟ್ ಡಬ್ಬಿಯಲ್ಲೇ ಉಳಿದುಹೋಗಿದೆ. ಮಳೆಗಾಲದ ತೇವ ಹತ್ತಿ ಅದರ ತುದಿಗಳಿಗೆ ಹಸಿರು ಕಿಲುಬು ಕಟ್ಟಿದೆ. ಆದರೆ 1998ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೆಗಾ ಡ್ರೀಮ್‌ಕಾಸ್ಟ್‌ನಂಥ ಕನ್ಸೋಲಿನಲ್ಲಿರುವ, ಫೋನ್ ಲೈನಿನ ಮೂಲಕ ಇಂಟರ್‌ನೆಟ್ಟಿಗೆ ಸೇರಿಸುವ ಡಯಲ್‌ಅಪ್ ಮೋಡೆಮ್ ಇಂದಿಗೂ ಅಂಥದ್ದೇ ಲೈನನ್ನು ಕೇಳುತ್ತದೆ. ಇದಕ್ಕಾಗಿ ಆಸಕ್ತರು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಯುಎಸ್‌ಬಿ ಮೋಡೆಮ್ ಜೋಡಿಸಿ, ಡ್ರೀಮ್‌ಪೈ ಎಂಬ ಉಚಿತ ತಂತ್ರಾಂಶವನ್ನು ಬಳಸುತ್ತಾರೆ. ಅದು ತಾನೇ ಡಯಲ್ ಟೋನ್ ನುಡಿಸಿ, ಕನ್ಸೋಲ್ ಅಂಕಿಗಳನ್ನು ಒತ್ತಿದ್ದು ಕೇಳಿಸಿದ ಕೂಡಲೇ ಕರೆಗೆ ಉತ್ತರಿಸುತ್ತದೆ. ಆದರೂ ಕೆಲವು ಮೋಡೆಮ್‌ಗಳು ತಂತಿಯಲ್ಲಿ ವಿದ್ಯುತ್ ಇಲ್ಲದಿದ್ದರೆ ಕೆಲಸಕ್ಕೇ ಇಳಿಯುವುದಿಲ್ಲ. ಆ ವಿದ್ಯುತ್ತನ್ನು ಬ್ಯಾಟರಿಯಿಂದ ಕೊಡುವ ಬಗೆ ಇಲ್ಲಿದೆ.

ಟೆಲಿಫೋನ್ ವಿನಿಮಯ ಕೇಂದ್ರದಿಂದ ಬರುವ ಲೈನಿನಲ್ಲಿ ರಿಸೀವರ್ ಕೆಳಗಿರುವಾಗ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ಎತ್ತಿದಾಗ ವೋಲ್ಟೇಜ್ ಹತ್ತರ ಆಸುಪಾಸಿಗೆ ಇಳಿದು, ಸಾಮಾನ್ಯವಾಗಿ 20ರಿಂದ 40 ಮಿಲಿಆಂಪಿಯರ್ ಹರಿಯತೊಡಗುತ್ತದೆ. ಲೈನ್ ಜೀವಂತವಾಗಿದೆ ಎಂದು ಮೋಡೆಮ್ ತಿಳಿಯುವುದು ಈ ಹರಿವಿನಿಂದ. ಗಂಟೆ ಬಾರಿಸುವಾಗ ಅದೇ ತಂತಿಯಲ್ಲಿ 75 ವೋಲ್ಟ್ ದಾಟುವ ಎಸಿ ಬರಬಹುದು. ಹಾಗಾಗಿ ಜೀವಂತ ಲೈನಿನ ತಂತಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಇಲ್ಲಿ ಹೇಳುವ ಬ್ಯಾಟರಿ ಜೋಡಣೆಯನ್ನು ಅದಕ್ಕೆ ಎಂದಿಗೂ ಸೇರಿಸಬಾರದು.

ಮೊದಲು ಎರಡು ಮೋಡೆಮ್‌ಗಳ ನಡುವಿನ ಆರ್‌ಜೆ11 ಕೇಬಲಿನ ನಡುವಿನ ಎರಡು ತಂತಿಗಳನ್ನು ಗುರುತಿಸಿ. ಬಣ್ಣವನ್ನು ನಂಬದೆ, ಮಲ್ಟಿಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು ಪ್ರತಿ ತಂತಿಯನ್ನೂ ತುದಿಯಿಂದ ತುದಿಗೆ ಪರೀಕ್ಷಿಸುವುದು ಒಳ್ಳೆಯದು. ಅವುಗಳಲ್ಲಿ ಒಂದನ್ನು ಕತ್ತರಿಸಿ, ಆ ಜಾಗದಲ್ಲಿ ಸಾಲಾಗಿ ಜೋಡಿಸಿದ ಎರಡು 9 ವೋಲ್ಟ್ ಬ್ಯಾಟರಿಗಳನ್ನೂ 330 ಓಮ್, 1 ವ್ಯಾಟ್ ರೆಸಿಸ್ಟರನ್ನೂ ಸೇರಿಸಿ. ಇನ್ನೊಂದು ತಂತಿಯನ್ನು ಮುಟ್ಟುವ ಅಗತ್ಯವಿಲ್ಲ. ಧ್ವನಿ ಸಲೀಸಾಗಿ ದಾಟಿಹೋಗಲು, ಬ್ಯಾಟರಿ ಮತ್ತು ರೆಸಿಸ್ಟರ್ ಎರಡನ್ನೂ ಸುತ್ತಿಕೊಂಡು ಹೋಗುವಂತೆ 2.2 ಮೈಕ್ರೋಫ್ಯಾರಡ್, 50 ವೋಲ್ಟಿನ ಕೆಪ್ಯಾಸಿಟರನ್ನು ಅಡ್ಡಲಾಗಿ ಹಾಕಬೇಕು. ಪ್ಲಸ್ ಮೈನಸ್ ಭೇದವಿಲ್ಲದ ಫಿಲ್ಮ್ ಕೆಪ್ಯಾಸಿಟರನ್ನೇ ಕೊಳ್ಳಿ.

ಧ್ರುವದ, ಅಂದರೆ ಪ್ಲಸ್ ಮೈನಸ್ ದಿಕ್ಕಿನ ಬಗ್ಗೆ ಜನರಿಗೆ ಇರುವಷ್ಟು ಅಂಜಿಕೆ ಬೇಕಿಲ್ಲ. ಹೆಚ್ಚಿನ ಮೋಡೆಮ್‌ಗಳ ಬಾಗಿಲಲ್ಲೇ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡುಗಳ ಸೇತುವೆ ಇರುವುದರಿಂದ ತಂತಿ ಹೇಗೆ ಸಿಕ್ಕಿಸಿದರೂ ಒಳಗೆ ಸರಿಯಾದ ದಿಕ್ಕೇ ಸಿಗುತ್ತದೆ. ಅಂಥ ಸೇತುವೆಯಿಲ್ಲದ ಹಳೆಯ ಉಪಕರಣ ಸುಮ್ಮನಿದ್ದರೆ ಬ್ಯಾಟರಿಯ ತುದಿಗಳನ್ನು ಅದಲುಬದಲು ಮಾಡಿ ನೋಡಬಹುದು. ಮೀಟರಿನಲ್ಲಿ ಮೈನಸ್ ಚಿಹ್ನೆ ಕಂಡರೆ ಕಡ್ಡಿಗಳು ತಿರುವುಮುರುವಾಗಿವೆ ಎಂದಷ್ಟೇ ಅರ್ಥ.

ನನ್ನ ಅನುಭವದಲ್ಲಿ ತೊಂದರೆ ಕೊಟ್ಟದ್ದು ವೋಲ್ಟೇಜೇ. ಖಡೇ ಬಜಾರಿನಿಂದ ತಂದ ಅಗ್ಗದ ಬ್ಯಾಟರಿಗಳು ಯಾವುದಕ್ಕೂ ಜೋಡಿಸದೆ ಅಳೆದಾಗ 17.6 ವೋಲ್ಟ್ ತೋರಿಸಿದ್ದರಿಂದ ನಾನು ನಿಶ್ಚಿಂತನಾಗಿದ್ದೆ, ಆದರೆ ಸಂಪರ್ಕ ಪ್ರತಿ ಸಲವೂ ಅರ್ಧಕ್ಕೇ ಕಡಿದುಹೋಗುತ್ತಿತ್ತು. ಕರೆ ನಡೆಯುತ್ತಿರುವಾಗಲೇ ಮೀಟರನ್ನು ರೆಸಿಸ್ಟರಿನ ಎರಡು ತುದಿಗಳಿಗೆ ಹಿಡಿದಾಗ ಕಂಡದ್ದು ಬರೀ 1.5 ವೋಲ್ಟ್, ಅಂದರೆ 330ರಿಂದ ಭಾಗಿಸಿದರೆ 5 ಮಿಲಿಆಂಪಿಯರಿಗಿಂತ ಕಡಿಮೆ. ಎರಡೂ ಮೋಡೆಮ್‌ಗಳು ತಲಾ 6 ವೋಲ್ಟ್ ತಿಂದರೂ 18ರಲ್ಲಿ 6 ವೋಲ್ಟ್ ರೆಸಿಸ್ಟರಿಗೆ ಉಳಿಯಬೇಕು. ಆಗ 18 ಮಿಲಿಆಂಪಿಯರ್ ಹರಿಯುತ್ತದೆ. ಒಂದೇ ಬ್ಯಾಟರಿ ಸಾಲುವುದಿಲ್ಲ ಎಂಬುದಕ್ಕೂ ಇದೇ ಲೆಕ್ಕ. ಬ್ಯಾಟರಿಯ ಆರೋಗ್ಯವನ್ನು ಕರೆಯ ಹೊತ್ತಿನಲ್ಲೇ ಅಳೆಯಿರಿ. ಆಲ್ಕಲೈನ್ ಜೋಡಿ ಹಾಕಿದ ಮೇಲೆ ಕರೆ ಕಡಿಯದೆ ಉಳಿಯಿತು.

ಕನ್ಸೋಲಿನ ವಿದ್ಯುತ್ ಪೂರೈಕೆಯ ಬಗ್ಗೆಯೂ ಒಂದು ಮಾತು: ಅಮೆರಿಕದ ಡ್ರೀಮ್‌ಕಾಸ್ಟ್ 120 ವೋಲ್ಟಿನದು, ಜಪಾನಿನದು 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸದೆ, ಸರಿಹೊಂದುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಹಚ್ಚಬೇಕು.

ಎರಡರಲ್ಲಿ ಒಂದು ಮೋಡೆಮ್ ಕರೆ ಇಳಿಸಿದರೂ ತಂತಿಯಲ್ಲಿ ಹರಿವು ನಿಲ್ಲುವುದರಿಂದ ಬ್ಯಾಟರಿ ಸವೆಯುವುದಿಲ್ಲ. ಆದರೆ ಡ್ರೀಮ್‌ಪೈ ಡಯಲ್ ಟೋನ್ ನುಡಿಸಲು ತನ್ನ ಕಡೆಯ ಲೈನನ್ನು ಎತ್ತಿಟ್ಟುಕೊಂಡೇ ಕಾಯುತ್ತದೆ, ಹಾಗಾಗಿ ಹರಿವನ್ನು ತಡೆಯಲು ಕನ್ಸೋಲಿನ ಕಡೆಯೊಂದೇ ಉಳಿಯುತ್ತದೆ. ಆಟ ಮುಗಿದ ಮೇಲೆ ಕೇಬಲನ್ನು ಕಿತ್ತಿಡಿ.