ಆಹಾರದ ಅಲರ್ಜಿ ಇರುವ ಮಕ್ಕಳು: ಶಾಲೆಯಲ್ಲಿ ನಾವು ಮಾಡಿಕೊಂಡ ಏರ್ಪಾಡು

ದಾಖಲಾತಿ ಫಾರಂನಲ್ಲಿ ‘ಅಲರ್ಜಿ ಇದೆಯೇ?’ ಎಂದು ಒಂದೇ ಸಾಲು ಇದ್ದರೆ ಪ್ರಯೋಜನವಿಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಮಗುವಿನ ಮನೆಯವರೂ ‘ಹೌದು’ ಎಂದು ಬರೆಯುತ್ತಾರೆ, ಒಂದು ಚಮಚ ಹಾಲಿಗೇ ಗಂಟಲು ಕಟ್ಟುವ ಮಗುವಿನ ಮನೆಯವರೂ ಹಾಗೇ ಬರೆಯುತ್ತಾರೆ. ಮೊದಲನೆಯದು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಅರಗದ ತೊಂದರೆ, ಎರಡನೆಯದು ಜೀವಕ್ಕೇ ಕುತ್ತು. ಹಾಗಾಗಿ ಬಿಡಿಸಿ ಕೇಳುತ್ತೇವೆ: ಯಾವ ಆಹಾರ, ಎಷ್ಟು ತಿಂದಿತ್ತು, ಎಷ್ಟು ಹೊತ್ತಿನಲ್ಲಿ ಏನಾಯಿತು, ಯಾವ ಔಷಧಿಗೆ ಇಳಿಯಿತು, ಅಸ್ತಮಾ ಇದೆಯೇ. ಹತೋಟಿಗೆ ಬಾರದ ಅಸ್ತಮಾ ಇದ್ದರೆ ಅಲರ್ಜಿ ಉಸಿರಿಗೇ ಕೈಹಾಕುವ ಸಂಭವ ಹೆಚ್ಚು.

ಪ್ರತಿ ಮಗುವಿಗೂ ಒಂದೇ ಪುಟದ ತುರ್ತು ಯೋಜನೆ: ಫೋಟೋ, ತೂಕ, ತಿನ್ನಬಾರದ ಪದಾರ್ಥ, ವೈದ್ಯರ ಸಹಿ. ತೂಕ ಯಾಕೆಂದರೆ ಅಡ್ರಿನಲಿನ್ ಪೆನ್ನಿನ (ತೀವ್ರ ಅಲರ್ಜಿಯಾದಾಗ ತೊಡೆಗೆ ಚುಚ್ಚುವ, ಔಷಧಿ ತುಂಬಿಟ್ಟ ಸೂಜಿಯ) ಅಳತೆ ಅದರ ಮೇಲೆ ನಿಂತಿದೆ. ಸಾಮಾನ್ಯವಾಗಿ 15ರಿಂದ 30 ಕೆ.ಜಿ.ವರೆಗೆ 0.15 ಮಿ.ಗ್ರಾಂ, ಅದಕ್ಕೂ ಮೇಲಾದರೆ 0.3 ಮಿ.ಗ್ರಾಂ. 25 ಕೆ.ಜಿ. ದಾಟಿದ ಕೂಡಲೇ ಬದಲಿಸುವ ವೈದ್ಯರೂ ಇದ್ದಾರೆ. ಮಕ್ಕಳು ವರ್ಷದ ನಡುವೆಯೇ ಈ ಗಡಿ ದಾಟಿಬಿಡುತ್ತಾರೆ, ಆದ್ದರಿಂದ ವರ್ಷಕ್ಕೆರಡು ಸಲ ತೂಕ ನೋಡಿ ಮನೆಗೆ ತಿಳಿಸುತ್ತೇವೆ.

ಪೆನ್ನುಗಳನ್ನು ಬೀಗ ಹಾಕಿ ಇಡುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತಪ್ಪು. ಬೀಗದ ಕೈ ಇರುವವರು ಅಂದೇ ರಜೆಯಲ್ಲಿರುತ್ತಾರೆ. ಮಕ್ಕಳ ಕೈಗೆ ಎಟುಕದ, ದೊಡ್ಡವರಿಗೆಲ್ಲ ಗೊತ್ತಿರುವ ತೆರೆದ ಕಪಾಟಿನಲ್ಲಿ, ಯೋಜನೆಯ ಹಾಳೆಯ ಜೊತೆಗೇ ಎರಡು ಪೆನ್ನು ಇಡುತ್ತೇವೆ. ಜಾಗದ ತಾಪಮಾನ 20ರಿಂದ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಫ್ರಿಜ್ ಬೇಡ, ಬಿಸಿಲು ಬೀಳುವ ಕಿಟಕಿಯೂ ಬೇಡ. ತಿಂಗಳ ಮೊದಲ ದಿನ ಅವಧಿಯ ದಿನಾಂಕ ನೋಡಿ, ಒಳಗಿನ ದ್ರವ ತಿಳಿಯಾಗಿದೆಯೇ ಎಂದು ಪರೀಕ್ಷಿಸುತ್ತೇವೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿ ತರಿಸಲೇಬೇಕು.

ಚಿಕ್ಕ ಮಕ್ಕಳು ‘ಉಸಿರು ಕಟ್ಟುತ್ತಿದೆ’ ಎಂದು ಹೇಳುವುದಿಲ್ಲ. ‘ನಾಲಿಗೆ ಚುಚ್ಚುತ್ತಿದೆ’, ‘ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ’ ಎನ್ನುತ್ತಾರೆ, ಇಲ್ಲವೇ ಸುಮ್ಮನೆ ಮಂಕಾಗಿ ಕೂರುತ್ತಾರೆ. ಮೈಮೇಲೆ ದದ್ದು ಬರಲಿ, ನೋಡೋಣ ಎಂದು ಕಾಯುವವರೇ ಹೆಚ್ಚು. ದದ್ದು ಏಳದೆಯೂ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೆ ಕುತ್ತು ತರುವ ತೀವ್ರ ಅಲರ್ಜಿ, ಆಗುತ್ತದೆ. ದನಿ ಒಡೆಯುವುದು, ಬಿಡದ ಕೆಮ್ಮು, ಸುಂಯ್‌ಗುಡುವ ಉಸಿರು, ತಲೆಸುತ್ತಿ ಕುಸಿಯುವುದು, ಇವುಗಳಲ್ಲಿ ಒಂದು ಕಂಡರೂ ಪೆನ್ನು ಕೊಡುತ್ತೇವೆ. ಆಂಟಿಹಿಸ್ಟಮಿನ್ ಸಿರಪ್ ಕುಡಿಸಿ ಕಾಯುವುದು ಇನ್ನೊಂದು ತಪ್ಪು. ಅದು ತುರಿಕೆ ಇಳಿಸೀತು, ಮುಚ್ಚಿಕೊಳ್ಳುತ್ತಿರುವ ಉಸಿರಿನ ದಾರಿಯನ್ನು ತೆರೆಯಲಾರದು.

ಮಗುವನ್ನು ಆಫೀಸಿಗೆ ನಡೆಸಬೇಡಿ. ಎದ್ದು ನಿಂತರೆ ರಕ್ತದೊತ್ತಡ ದಿಢೀರನೆ ಕುಸಿಯಬಹುದು. ಪೆನ್ನೇ ಮಗುವಿದ್ದಲ್ಲಿಗೆ ಬರಬೇಕು. ಒಬ್ಬರು ಪಕ್ಕದಲ್ಲಿ, ಒಬ್ಬರು ಪೆನ್ನಿಗೆ, ಒಬ್ಬರು ಆಂಬುಲೆನ್ಸ್‌ಗೆ. ಅಂಗಾತ ಮಲಗಿಸಿ ಕಾಲು ಎತ್ತರಿಸಿ, ಉಸಿರಾಡಲು ಕಷ್ಟವಾದರೆ ಕಾಲು ಚಾಚಿ ಕೂರಿಸಿ, ವಾಂತಿಯಾಗುತ್ತಿದ್ದರೆ ಮಗ್ಗುಲಾಗಿಸಿ. ತೊಡೆಯ ಹೊರಬದಿಯ ನಡುಭಾಗಕ್ಕೆ ಬಟ್ಟೆಯ ಮೇಲೆಯೇ ಚುಚ್ಚಬಹುದು, ಜೇಬಿನಲ್ಲಿ ಏನಾದರೂ ಇದ್ದರೆ ಮಾತ್ರ ತೆಗೆಯಿರಿ. ಕಾಲನ್ನು ಗಟ್ಟಿಯಾಗಿ ಹಿಡಿಯದಿದ್ದರೆ ಮಗು ಒದ್ದಾಗ ಸೂಜಿ ಚರ್ಮ ಸೀಳುತ್ತದೆ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿಯಬೇಕು. ತುದಿಯ ಮೇಲೆ ಹೆಬ್ಬೆರಳಿಟ್ಟು, ಪೆನ್ನು ತಲೆಕೆಳಗಾಗಿದ್ದರಿಂದ ಹೆಬ್ಬೆರಳಿಗೇ ಚುಚ್ಚಿಕೊಂಡವರಿದ್ದಾರೆ. ಎಷ್ಟು ಸೆಕೆಂಡು ಒತ್ತಿ ಹಿಡಿಯಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೆಲವಕ್ಕೆ 3, ಕೆಲವಕ್ಕೆ 10. ಅದಕ್ಕೇ ಅದೇ ಮಾದರಿಯ ಸೂಜಿಯಿಲ್ಲದ ಪೆನ್ನಿನಲ್ಲಿ ವರ್ಷಕ್ಕೆರಡು ಸಲ ಅಭ್ಯಾಸ ಮಾಡಿಸುತ್ತೇವೆ, ಅಡುಗೆಯವರಿಗೂ ವಾಹನ ಚಾಲಕರಿಗೂ ಸೇರಿಸಿ. ಚುಚ್ಚಿದ ಸಮಯ ಬರೆದಿಡಿ. 5 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ, ಯೋಜನೆಯಲ್ಲಿ ಬರೆದಂತೆ ಎರಡನೆಯದು. ಮಗು ಸುಧಾರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ಮರುಕಳಿಸುವುದುಂಟು.

ದಿನನಿತ್ಯದ ಕೆಲಸ ಇಷ್ಟು ಕಷ್ಟದ್ದಲ್ಲ. ಊಟದ ಮುಂಚೆ, ಆಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯುತ್ತಾರೆ. ಸ್ಯಾನಿಟೈಸರ್ ಕ್ರಿಮಿ ಕೊಲ್ಲುತ್ತದೆಯೇ ಹೊರತು ಶೇಂಗಾದ ಪ್ರೋಟೀನನ್ನು ತೊಲಗಿಸುವುದಿಲ್ಲ. ಡಬ್ಬಿಯ ತಿನಿಸು ಹಂಚಿಕೊಳ್ಳುವಂತಿಲ್ಲ. ಅಲರ್ಜಿಯ ಮಗುವನ್ನು ಒಂಟಿಯಾಗಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ, ಅದು ಶಿಕ್ಷೆಯಂತೆ ಕಾಣುತ್ತದೆ. ಸುರಕ್ಷಿತ ಊಟ ತಂದ ಗೆಳೆಯರನ್ನು ಜೊತೆಗೆ ಕೂರಿಸಿದರಾಯಿತು.

ಎಡವಟ್ಟಾಗುವುದು ಮಾಮೂಲಿ ದಿನ ತಪ್ಪಿದಾಗ: ಹುಟ್ಟುಹಬ್ಬದ ಸಿಹಿ, ಪ್ರವಾಸ, ಬದಲಿಗೆ ಬಂದ ಶಿಕ್ಷಕರು. ಕರಕುಶಲ ತರಗತಿಯನ್ನಂತೂ ಯಾರೂ ನೆನೆಯುವುದಿಲ್ಲ. ಆಟದ ಹಿಟ್ಟಿನಲ್ಲಿ ಗೋಧಿ, ಮೊಟ್ಟೆಯ ಟ್ರೇಯಲ್ಲಿ ಒಣಗಿದ ಲೋಳೆ ಇರುತ್ತದೆ. ಬದಲಿ ಶಿಕ್ಷಕರ ಹಾಜರಿ ಪುಸ್ತಕದ ಮೊದಲ ಹಾಳೆಯೇ ಅಲರ್ಜಿ ಪಟ್ಟಿ. ಪೊಟ್ಟಣದ ಲೇಬಲ್ಲನ್ನು ಕೊಳ್ಳುವಾಗ, ಕಪಾಟಿಗಿಡುವಾಗ, ಬಡಿಸುವಾಗ ಹೀಗೆ ಮೂರು ಸಲ ಓದುತ್ತೇವೆ. ಹೊರಕವಚ ಬದಲಾಗದೆ ಒಳಗಿನ ಸಾಮಗ್ರಿ ಬದಲಾಗಿರಬಹುದು. ಕೇಸಿನ್, ವ್ಹೇ ಎಂದರೆ ಹಾಲು, ಅಲ್ಬುಮಿನ್ ಎಂದರೆ ಮೊಟ್ಟೆ, ತಹಿನಿ ಎಂದರೆ ಎಳ್ಳು ಎಂಬ ಚೀಟಿ ಅಡುಗೆಮನೆಯ ಗೋಡೆಯ ಮೇಲಿದೆ. ಪ್ರವಾಸಕ್ಕೆ ಹೋದಾಗ ಪೆನ್ನು ಬಸ್ಸಿನ ಡಿಕ್ಕಿಯಲ್ಲಿರಬಾರದು, ಆ ಮಗುವಿನ ಗುಂಪಿನ ಶಿಕ್ಷಕರ ಹೆಗಲ ಚೀಲದಲ್ಲಿರಬೇಕು.

ಪೆನ್ನು ಬಳಸಿದ್ದಾದರೆ, ಮಗು ಮತ್ತೆ ಶಾಲೆಗೆ ಬರುವ ಬೆಳಗ್ಗೆಗೆ ಮುಂಚೆ ಹೊಸದು ಕಪಾಟಿನಲ್ಲಿರುವಂತೆ ಮನೆಯವರೊಡನೆ ಮಾತಾಡಿಕೊಳ್ಳುತ್ತೇವೆ.